ತೇರಿನಿಂದ ಗೋಡೆಗೆ

ನಂಜನಗೂಡಿನ ದೊಡ್ಡ ಜಾತ್ರೆಯನ್ನು ಕಂಡವರು ಬಲ್ಲರು. ಮುಂಜಾನೆಯ ಮುಹೂರ್ತದಲ್ಲಿ ತೇರು ಕದಲಿದೊಡನೆ ಸಾವಿರಾರು ಕಣ್ಣುಗಳು ಒಮ್ಮೆಲೇ ಮೇಲಕ್ಕೇಳುತ್ತವೆ. ಬಣ್ಣಬಣ್ಣದ ಬಟ್ಟೆಯ ಪತಾಕೆಗಳು, ಹೂವಿನ ಹಾರಗಳು, ತುದಿಯಲ್ಲಿ ಹೊಳೆಯುವ ಕಲಶ, ಅದಕ್ಕೆ ಹಿನ್ನೆಲೆಯಾಗಿ 9 ಅಂತಸ್ತುಗಳ, 120 ಅಡಿ ಎತ್ತರದ ಗೋಪುರ. ನೋಡುವುದಕ್ಕೆ ಮೇಲೆ ಇಷ್ಟೆಲ್ಲ ಇರುವಾಗ ತೇರಿನ ಬುಡವನ್ನು ನೋಡುವವರಾರು? ಜನರು ಎಸೆಯುವ ಹಣ್ಣು ಜವನಗಳೂ ಮೇಲಕ್ಕೇ ಹೋಗುತ್ತವೆ.

ನಮ್ಮ ಅಜ್ಜಿ ಮಾತ್ರ ಬುಡವನ್ನು ನೋಡುತ್ತಿದ್ದರು. ನಾನು ಆರೇಳು ವರ್ಷದ ಹುಡುಗನಾಗಿದ್ದಾಗ ಜಾತ್ರೆಯ ಹಿಂದಿನ ದಿನವೇ ನನ್ನನ್ನು ರಥಬೀದಿಗೆ ಕರೆದುಕೊಂಡು ಹೋಗಿ, ನಿಂತ ತೇರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದುದು ನೆನಪಿದೆ. “ನಾಳೆ ನೂಕುನುಗ್ಗಲಿನಲ್ಲಿ ಇದೇನೂ ಕಾಣೋಲ್ಲ ಮಗು. ಈಗಲೇ ನೋಡಿಕೊ. ಇವನು ಕುದುರೆ ಏರಿದಾನೆ. ಇವಳು ನೋಡು, ಕನ್ನಡಿ ಹಿಡಿದಿದಾಳೆ” ಎಂದು ಒಂದೊಂದು ಮರದ ಗೊಂಬೆಯನ್ನೂ ಬೆರಳಿಟ್ಟು ತೋರಿಸಿದರು. ಎಣ್ಣೆ ಕುಡಿದು ಕಪ್ಪಾದ ಆ ಮರದ ಮೈ ನನ್ನ ಬೆರಳಿಗೆ ತಣ್ಣಗೆ ತಾಕಿದುದು ಇಂದಿಗೂ ಮರೆತಿಲ್ಲ. ನಾನು ಮೊಟ್ಟಮೊದಲು ಮುಟ್ಟಿ ನೋಡಿದ ಶಿಲ್ಪ ಅದು.

ಈ ಲೇಖನದ ವಿಷಯ ಜಾತ್ರೆಯಲ್ಲ; ಮನೆಯ ಗೋಡೆಗೆ ತೂಗುಹಾಕುವ ಮರದ ಶಿಲ್ಪ. ಬೆಂಗಳೂರಿನ ಚಿತ್ರಸಂತೆಯಂಥ ಕಡೆಗಳಲ್ಲಿ ಈಚೆಗೆ ಅದು ಹೆಚ್ಚು ಹೆಚ್ಚಾಗಿ ಕಣ್ಣಿಗೆ ಬೀಳುತ್ತಿದೆ. ನೋಡಿದವರು ಇದಾವುದೋ ಪರದೇಶದ ಹೊಸ ಷೋಕಿ ಎಂದುಕೊಳ್ಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ತೇರಿನ ಸುತ್ತ ಪ್ರದಕ್ಷಿಣೆ ಬಂದವರಿಗೆ ಅದು ಹಳೆಯ ಪರಿಚಯವೇ ಸರಿ.

ತಿರುಗಾಡುವ ಗೋಡೆ

ನಂಜನಗೂಡಿನ ಪಂಚಮಹಾರಥೋತ್ಸವದಲ್ಲಿ ಹೊರಡತಕ್ಕ ತೇರುಗಳು ಐದು: ಗಣಪತಿಯದು, ಶ್ರೀಕಂಠೇಶ್ವರನದು, ಪಾರ್ವತಿಯದು, ಸುಬ್ರಹ್ಮಣ್ಯನದು, ಚಂಡಿಕೇಶ್ವರನದು. ಇವುಗಳಲ್ಲಿ ಸ್ವಾಮಿಯ ತೇರಿಗೆ ಗೌತಮರಥವೆಂದು ಹೆಸರು. ಗಾತ್ರದಲ್ಲಿ ಅದೇ ಹಿರಿಯದು. ಯಾವ ದೊಡ್ಡ ತೇರನ್ನೇ ಆಗಲಿ ಎರಡು ಭಾಗವಾಗಿ ನೋಡಬೇಕು. ಮೇಲಿನದು ವರ್ಷವರ್ಷವೂ ಕಟ್ಟಿ ಬಿಚ್ಚುವ ವೇಷ. ಬಿದಿರು, ಮರದ ಪಟ್ಟಿ, ಹಗ್ಗ, ಬಟ್ಟೆ ಇಷ್ಟರಿಂದಲೇ ಆದುದು. ಕೆಳಗಿನ ಗಡ್ಡೆಯೇ ಅದರ ಶರೀರ. ಭಾರಿ ತೊಲೆಗಳ ಮೇಲೆ ಮರದ ಅಟ್ಟಣೆಗಳು ಒಂದರ ಮೇಲೊಂದು ಏರುತ್ತ, ಏರಿದಂತೆಲ್ಲ ಅಗಲವಾಗುತ್ತ, ತಾವರೆ ಅರಳಿದಂತೆ ಹೊರಕ್ಕೆ ಚಾಚುತ್ತವೆ. ಒಂದೊಂದು ಅಟ್ಟಣೆಯ ಅಂಚಿಗೂ ಕೆತ್ತಿದ ಹಲಗೆಗಳು.

ಹೀಗೆ ಹೊರಕ್ಕೆ ಚಾಚುವುದರಲ್ಲಿ ಒಂದು ಜಾಣ್ಮೆಯಿದೆ. ಮೇಲಿನ ಸಾಲಿನ ಹಲಗೆಗಳು ಮುಂದಕ್ಕೆ ಬಾಗಿ ನಿಲ್ಲುವುದರಿಂದ, ನೆಲದ ಮೇಲೆ ನಿಂತು ಕತ್ತೆತ್ತಿದವನಿಗೆ ಅಲ್ಲಿನ ಮೂರ್ತಿಗಳು ತನ್ನನ್ನೇ ನೋಡುತ್ತಿರುವಂತೆ ಕಾಣುತ್ತವೆ. ಹಲಗೆಯ ಹಿನ್ನೆಲೆಯನ್ನು ಬಿಟ್ಟುಕೊಡದೆ ಮೂರ್ತಿಯನ್ನು ಅರ್ಧಕ್ಕೆ ಹೊರಗೆ ತರುವ ಈ ಬಗೆಯ ಕೆಲಸಕ್ಕೆ ಉಬ್ಬುಶಿಲ್ಪವೆಂದು ಹೆಸರು. ದುಂಡುಶಿಲ್ಪವನ್ನು ಸುತ್ತಲೂ ತಿರುಗಿ ನೋಡಬಹುದು. ಉಬ್ಬುಶಿಲ್ಪಕ್ಕೆ ಎದುರು ಮಾತ್ರ ಉಂಟು, ಬೆನ್ನಿಲ್ಲ. ಅದರ ಪ್ರಾಣವಿರುವುದು ನೆರಳಿನಲ್ಲಿ. ಬೆಳಕು ನೇರವಾಗಿ ಎದುರಿನಿಂದ ಬಿದ್ದರೆ ಎಂಥ ಕೆತ್ತನೆಯೂ ಚಪ್ಪಟೆಯಾಗಿ ತೋರುತ್ತದೆ. ಓರೆಯಾಗಿ ಬಿದ್ದರೆ ಕಾಲಂಗುಲದ ಆಳವೂ ಬಾವಿಯಂತೆ ಕಾಣುತ್ತದೆ. ಬೆಳಗಿನ ಇಳಿಬಿಸಿಲಿನಲ್ಲಿ ತೇರು ಮೆಲ್ಲಮೆಲ್ಲನೆ ಮುಂದೆ ಸರಿದು ಮೂಲೆಯಲ್ಲಿ ತಿರುಗುವಾಗ ಗಡ್ಡೆಯ ಗೊಂಬೆಗಳೆಲ್ಲ ಮಿಸುಕಾಡಿದಂತೆ ಕಾಣುವುದಕ್ಕೆ ಇದೇ ಕಾರಣ. ದೇವಾಲಯದ ಗೋಡೆಗೆ ಸೂರ್ಯನೇ ಸುತ್ತಬೇಕು. ತೇರು ತಾನೇ ಸುತ್ತುವ ಗೋಡೆ.

ಇಷ್ಟು ಮಾಡಿದವರು ಯಾರು? ತೇರನ್ನು ಮಾಡಿಸಿಕೊಟ್ಟ ಅರಸನ ಅಥವಾ ದಾನಿಯ ಹೆಸರು ಎಲ್ಲಿಯಾದರೂ ಬರಹದಲ್ಲಿ ಉಳಿಯುತ್ತದೆ. ಹಲಗೆಯನ್ನು ಕೆತ್ತಿದವನ ಹೆಸರು ಉಳಿಯುವುದು ಬಲು ಅಪರೂಪ. ಹೆಸರಿನ ಮಾತು ಹಾಗಿರಲಿ, ಹಲಗೆಯೇ ಉಳಿಯುವುದು ಕಷ್ಟ. ಮಳೆ, ಬಿಸಿಲು, ಗೆದ್ದಲು, ಚಕ್ರದ ಕುಲುಕಾಟ ಇವೆಲ್ಲವನ್ನೂ ತಡೆದುಕೊಂಡು ಒಂದು ತೇರು ನೂರಿನ್ನೂರು ವರ್ಷ ಬಾಳಿದರೆ ಅದೇ ದೊಡ್ಡದು. ಅಚ್ಚು ಮುರಿದ, ತೊಲೆ ಶಿಥಿಲವಾದ ತೇರನ್ನು ಕಳಚಿ ಹೊಸತನ್ನು ಮಾಡಿಸುವುದು ಎಲ್ಲ ಊರುಗಳಲ್ಲಿಯೂ ನಡೆದುಬಂದುದೇ.

ಕಳಚಿದ ಹಲಗೆಗಳ ಗತಿಯೇನು ಎಂಬುದು ಮಾತ್ರ ಸ್ವಲ್ಪ ಬೇಸರದ ಕಥೆ. ದಕ್ಷಿಣದೇಶದ ತೇರುಗಳ ಹಲಗೆಗಳು ಹಳೆಯ ವಸ್ತುಗಳ ಅಂಗಡಿಗಳಲ್ಲಿ, ದೊಡ್ಡ ಹೋಟೆಲುಗಳ ಗೋಡೆಗಳ ಮೇಲೆ, ವಿದೇಶದ ಹರಾಜುಕಟ್ಟೆಗಳಲ್ಲಿ ಕಾಣಸಿಗುತ್ತವೆ. ಅಂಥ ಒಂದನ್ನು ಕೊಂಡು ಮನೆಯಲ್ಲಿಡಬೇಕೆಂಬ ಆಸೆ ಓದುಗರಲ್ಲಿ ಯಾರಿಗಾದರೂ ಇದ್ದರೆ ತುಸು ತಡೆಯಲಿ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಕಳೆದ ಕೆತ್ತನೆಯು ಪುರಾತನ ವಸ್ತು. ಅದನ್ನು ಮಾರಲು ವ್ಯಾಪಾರಿಗೆ ಪರವಾನಗಿ ಬೇಕು. ದೇಶದಿಂದ ಹೊರಗೆ ಸಾಗಿಸುವಂತೆಯೇ ಇಲ್ಲ. ಕಾಯಿದೆಯ ಮಾತು ಬಿಟ್ಟರೂ, ಯಾವ ಊರಿನ ತೇರಿನಿಂದ ಹೇಗೆ ಕಳಚಿಬಂದಿತೋ ತಿಳಿಯದ ಹಲಗೆಯ ಕೆಳಗೆ ಕುಳಿತು ಕಾಫಿ ಕುಡಿಯುವುದು ನನಗಂತೂ ಒಗ್ಗದು. ಹೊಸತನ್ನು ಕೆತ್ತುವ ಕೈಗಳು ಇನ್ನೂ ಇರುವಾಗ ಹಳೆಯದರ ಮೇಲೆ ಕಣ್ಣೇಕೆ?

ಕಲ್ಲಿನಲ್ಲಿ ಉಳಿದ ಹೆಸರು

ನಂಜನಗೂಡಿನಿಂದ ಕಪಿಲೆಯ ಜಾಡು ಹಿಡಿದು ಹೋದರೆ ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ಸಿಗುತ್ತದೆ. ಇಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯುಂಟು. ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿಯ ತೂಕ ಹೆಚ್ಚೆಂಬುದು ಅದರ ಅರ್ಥವೆಂದು ಜನ ಹೇಳುತ್ತಾರೆ. ಅಕ್ಕಸಾಲಿಗರ ತಕ್ಕಡಿಯ ಆ ಪುಟ್ಟ ತೂಕವನ್ನು ಹಿರಿಮೆಯ ಅಳತೆಯಾಗಿ ಇಟ್ಟುಕೊಂಡ ಊರಿನವರಿಗೆ ಕುಶಲಕೆಲಸದ ಮರ್ಮ ಗೊತ್ತಿದ್ದಿರಬೇಕು. ಏಕೆಂದರೆ ಒಳ್ಳೆಯ ಕೆತ್ತನೆಗೂ ಸುಮಾರಾದ ಕೆತ್ತನೆಗೂ ಇರುವ ಅಂತರ ಅಷ್ಟೇ. ತುಟಿಯ ಅಂಚಿನಲ್ಲಿ ಒಂದು ಗುಲಗಂಜಿಯಷ್ಟು ಮರ ಹೆಚ್ಚು ಹೋಯಿತೋ, ನಗು ಅಳುವಾಗುತ್ತದೆ.

ಇದೇ ತಾಲ್ಲೂಕಿಗೆ ಸೇರಿದುದು ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಅಲ್ಲಿನ ಕೇಶವ ದೇವಾಲಯವನ್ನು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದನ್ನು ಓದುಗರು ಅರಿತಿರುತ್ತಾರೆ. ಮರದ ವಿಷಯ ಹೇಳುತ್ತ ಕಲ್ಲಿನ ಗುಡಿಗೇಕೆ ಬಂದೆನೆಂದರೆ, ಈ ಗೋಡೆಗಳನ್ನು ನೋಡುವಾಗ ಇದು ಕಲ್ಲುಕುಟಿಗರ ಕೈಯೋ ಮರಗೆತ್ತುವವರ ಕೈಯೋ ಎಂಬ ಅನುಮಾನ ಬಾರದಿರದು. ಹೊಯ್ಸಳ ಶಿಲ್ಪದಲ್ಲಿ ಮರ, ದಂತ, ಚಿನ್ನ ಇವುಗಳ ಕೆಲಸಗಾರಿಕೆಯ ನೆರಳನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮರಕ್ಕೆ ಹಾಕುವ ಉಳಿಯ ನಯವನ್ನು ಆ ಕಲ್ಲು ತಾಳಿಕೊಂಡಿತು. ಬುಡದಲ್ಲಿ ಆನೆಗಳ ಸಾಲು, ಮೇಲೆ ಕುದುರೆಯವರ ಸಾಲು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಹೀಗೆ ಪಟ್ಟಿಪಟ್ಟಿಯಾಗಿ ಏರುವ ಆ ಗೋಡೆಯ ಬುಡಕ್ಕೆ ನಾಲ್ಕು ಚಕ್ರ ಜೋಡಿಸಿದ್ದರೆ ಅದೇ ಒಂದು ತೇರಿನ ಗಡ್ಡೆಯಾಗುತ್ತಿತ್ತು.

ಆದರೆ ಒಂದು ವ್ಯತ್ಯಾಸ ದೊಡ್ಡದು. ಸೋಮನಾಥಪುರದ ಶಿಲ್ಪಿಗಳು ತಮ್ಮ ಹೆಸರು ಬರೆದರು. ಮೂರ್ತಿಗಳ ಪೀಠದ ಮೇಲೆ ಕನ್ನಡ ಅಕ್ಷರಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯದ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ಇಂಥ ರುಜುಗಳನ್ನು ಎಣಿಸಿ, ಗೋಡೆಯ ದೊಡ್ಡ ವಿಗ್ರಹಗಳಲ್ಲಿ ಸುಮಾರು 40 ಮಲ್ಲಿತಮ್ಮನವೆಂದು ತೋರಿಸಿಕೊಟ್ಟರು. ಮಸಣಿತಮ್ಮ, ಚಾಮೆಯ, ಚೌಡೆಯ ಇವರೂ ಅಲ್ಲಿದ್ದಾರೆ, ನಂಜೆಯನೆಂಬವನೂ ಒಬ್ಬನಿದ್ದಾನೆ. ಅವನ ಹೆಸರು ಕಂಡಾಗ ನಂಜನಗೂಡಿನ ಕಡೆಯವನಾದ ನನಗೆ ನೆಂಟನೊಬ್ಬನು ಎದುರಾದಂತಾಗುತ್ತದೆ. ಏಳುನೂರೈವತ್ತು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೆತ್ತಿದವನ ಹೆಸರನ್ನು ನಾವು ಓದಬಲ್ಲೆವು. ನೂರು ವರ್ಷಗಳ ಹಿಂದೆ ಮರದಲ್ಲಿ ಕೆತ್ತಿದವನ ಹೆಸರನ್ನು ಓದಲಾರೆವು.

ಬೀಟೆಯ ಕಾಲ

ಮೈಸೂರಿನಲ್ಲಿ ಮರಗೆಲಸಕ್ಕೆ ಇನ್ನೊಂದು ಆಶ್ರಯವಿತ್ತು, ಅರಮನೆ. ಹಳೆಯ ಅರಮನೆಯು ಬಹುಪಾಲು ಮರದ್ದೇ ಆಗಿದ್ದು, 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನನ ನಕ್ಷೆಯಂತೆ 1912ರ ವೇಳೆಗೆ ಎದ್ದುನಿಂತ ಹೊಸ ಅರಮನೆಯು ಕಲ್ಲು ಕಬ್ಬಿಣಗಳದಾದರೂ, ಬಾಗಿಲುಗಳಿಗೆ ಮಾತ್ರ ಬೀಟೆಮರ ಬಂದಿತು. ಅಂಬಾವಿಲಾಸದಲ್ಲಿ ದಂತವನ್ನು ಕೂಡಿಸಿದ ಬೀಟೆಯ ಬಾಗಿಲನ್ನು ನೋಡಿದವರಿಗೆ ಮೈಸೂರಿನ ಕುಸುರಿ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಕೆ. ವೆಂಕಟಪ್ಪನವರು ಅರಮನೆಗಾಗಿ ಗಾರೆಯಲ್ಲಿ ಉಬ್ಬುಚಿತ್ರಗಳನ್ನು ರಚಿಸಿದುದೂ ನಾಲ್ವಡಿಯವರ ಕಾಲದಲ್ಲೇ. ಗೋಡೆಗೊಂದು ಶಿಲ್ಪವೆಂಬ ಭಾವನೆ ನಮ್ಮವರಿಗೆ ಹೊಸದಾಗಿರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಬೀಟೆಯ ಹಲಗೆಯಲ್ಲಿ ಆಕಾರವನ್ನು ತೋಡಿ, ಅದರೊಳಕ್ಕೆ ಬೇರೆ ಬಣ್ಣದ ವಸ್ತುವನ್ನು ಕೂದಲೆಳೆಯ ಸಂದಿಲ್ಲದಂತೆ ಕೂಡಿಸುವ ಕೆಲಸ ಮೈಸೂರು ನಗರದಲ್ಲಿ, ಮುಖ್ಯವಾಗಿ ಮಂಡಿ ಮೊಹಲ್ಲೆಯ ಮುಸಲ್ಮಾನ ಕುಟುಂಬಗಳಲ್ಲಿ, ತಲೆಮಾರುಗಳಿಂದ ನಡೆದುಬಂದಿದೆ. 1972ರ ವನ್ಯಜೀವಿ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ದಂತ ನಿಂತುಹೋಯಿತು, ನಿಲ್ಲಬೇಕಾದುದೇ. ಆಗ ಈ ಕುಶಲಿಗಳು ಕೈಕಟ್ಟಿ ಕೂರದೆ ಮರಗಳ ಸಹಜ ಬಣ್ಣಗಳನ್ನೇ ಹುಡುಕಿದರು. ಹಲಸಿನ ಹಳದಿ, ತೇಗದ ಕಂದು, ಬೀಟೆಯ ನೇರಿಳೆಗಪ್ಪು. ಬಣ್ಣ ಹಚ್ಚದೆ ಮರದಿಂದ ಮರಕ್ಕೆ ಚಿತ್ರ ಬರೆಯುವ ಈ ವಿದ್ಯೆಗೆ 2005ರ ಸುಮಾರಿನಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಅದೇ ಮನ್ನಣೆ ಪಡೆದ ಮತ್ತೊಂದು ವಸ್ತು ನಮ್ಮ ನಂಜನಗೂಡು ರಸಬಾಳೆ. ಎರಡರ ಅವಸ್ಥೆಯೂ ಒಂದೇ: ಹೆಸರು ದೊಡ್ಡದು, ಸಿಗುವುದು ಕಡಿಮೆ.

ಬೀಟೆಯೇ ಈಗ ವಿರಳ. ಅಳಿವಿನ ಭಯವಿರುವ ಜೀವಜಾತಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು 2017ರಿಂದ ಬೀಟೆಯ ಕುಲವನ್ನೆಲ್ಲ ತನ್ನ ಪಟ್ಟಿಗೆ ಸೇರಿಸಿದೆ. ಆದುದರಿಂದ ಇಂದು ಮರಗೆಲಸಕ್ಕೆ ಕೂರುವವನು ಉಳಿಯನ್ನು ಮಸೆಯುವುದಕ್ಕೆ ಮುಂಚೆ ಮರವನ್ನು ಎಲ್ಲಿಂದ ತರಲೆಂದು ಯೋಚಿಸಬೇಕು. ಅನೇಕರು ಕಂಡುಕೊಂಡ ದಾರಿ ಹಳೆಯ ಮರ. ನಮ್ಮ ಊರುಗಳಲ್ಲಿ ತೊಟ್ಟಿಮನೆಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳ ಕಂಬ, ಬಾಗಿಲು, ತೊಲೆಗಳು ಹಳೆ ಮರದ ಮಂಡಿಗಳಿಗೆ ಬಂದು ಸೇರುತ್ತವೆ. ಅರುವತ್ತು ಎಂಬತ್ತು ವರ್ಷ ಒಣಗಿದ ತೇಗದ ಚೇಗು ಅಲ್ಲಿ ಸಿಗುತ್ತದೆ. ಹಸಿ ಮರದಂತೆ ಅದು ಬಿರುಕು ಬಿಟ್ಟು ಮೋಸಮಾಡುವುದಿಲ್ಲ.

ಎಸೆದ ಮರಕ್ಕೆ ಹೊಸ ಬಾಳು ಕೊಡುವ ಈ ಮಾರ್ಗ ಹೊರಗಿನ ಪ್ರಪಂಚದಲ್ಲಿ ಹೆಸರಾದುದು ಒಬ್ಬ ಮಹಿಳೆಯಿಂದ. ಈಗಿನ ಉಕ್ರೇನಿನಲ್ಲಿ 1899ರಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಲೂಯಿಸ್ ನೆವೆಲ್ಸನ್ ಎಂಬಾಕೆ ನ್ಯೂಯಾರ್ಕಿನ ಬೀದಿಗಳಲ್ಲಿ ಬಿಸುಟ ಕುರ್ಚಿಯ ಕಾಲು, ಮೆಟ್ಟಿಲಿನ ಕಟಕಟೆ, ಮುರಿದ ಪೆಟ್ಟಿಗೆಗಳನ್ನು ಆಯ್ದು ತಂದು, ಗೂಡುಗಳಲ್ಲಿ ಜೋಡಿಸಿ, ಗೂಡಿನ ಮೇಲೆ ಗೂಡಿಟ್ಟು ಗೋಡೆಯೆತ್ತರಕ್ಕೆ ಏರಿಸಿ, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಬಳಿದರು. 1958ರಲ್ಲಿ ಆಕೆ ರಚಿಸಿದ ಅಂಥ ಒಂದು ಕೃತಿ ಅಲ್ಲಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಘಾನಾ ದೇಶದವರಾದ ಎಲ್ ಅನಾಟ್ಸುಯಿ ಎಂಬುವರು 1980ರ ದಶಕದಲ್ಲಿ ಯಂತ್ರಗರಗಸದಿಂದ ಹಲಗೆಗಳನ್ನು ಗಾಯಗೊಳಿಸಿ, ಬೆಂಕಿಯಿಂದ ಸುಟ್ಟು ಗೋಡೆಯ ಶಿಲ್ಪಗಳನ್ನು ಮಾಡಿದರು. ನಮ್ಮಲ್ಲಿಯೇ ಸತೀಶ್ ಗುಜ್ರಾಲರು ಸುಟ್ಟ ಮರದಲ್ಲಿ ಮಾಡಿದ ಶಿಲ್ಪಗಳು ಪ್ರಸಿದ್ಧವಾಗಿವೆ. ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವರ ಮಾಧ್ಯಮ ಮರವಲ್ಲ, ತಾಮ್ರ. ಆದರೂ ಅವರ ತಾಮ್ರದ ಉಬ್ಬುಶಿಲ್ಪಗಳು ಕನ್ನಡದ ಮನೆಗಳಿಗೆ ಗೋಡೆಯ ಶಿಲ್ಪದ ರುಚಿಯನ್ನು ಹತ್ತಿಸಿದುವು.

ಸಂತೆಯಲ್ಲಿ ಒಂದು ಚೌಕಾಸಿ

ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಗೆ ನಾವು ಮನೆಮಂದಿಯೆಲ್ಲ ಹೋಗುವ ಪದ್ಧತಿಯುಂಟು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳಿಗೆ ರಜ. ಮರಗಳ ನೆರಳಿನಲ್ಲಿ, ಕಾಲುದಾರಿಯ ಮೇಲೆ, ಕಂಬಕ್ಕೆ ಒರಗಿಸಿ, ಕಾಂಪೌಂಡಿಗೆ ತೂಗಿಸಿ, ಎಲ್ಲೆಲ್ಲೂ ಚಿತ್ರಗಳೇ. ಕಡಲೆಕಾಯಿ ಮಾರುವವರೂ ಕಲಾವಿದರೂ ಒಂದೇ ಬೀದಿಯಲ್ಲಿ. ಗಾಜಿನ ಬಾಗಿಲಿನ ಗ್ಯಾಲರಿಗೆ ಕಾಲಿಡಲು ಅಂಜುವ ನಮ್ಮಂಥ ಸಂಸಾರಸ್ಥರಿಗೆ ಇದರಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಬೆಲೆ ಕೇಳಿ ಹಾಗೆಯೇ ಮುಂದೆ ಹೋದರೆ ಯಾರೂ ಬೇಸರಪಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಲ್ಲಿ ನಮ್ಮ ತಾಯಿಯವರು ಒಂದು ಮರದ ಹಲಗೆಯ ಎದುರು ನಿಂತುಬಿಟ್ಟರು. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಹಳೆಯ ತೇಗ. ಎಡದಿಂದಲೂ ಬಲದಿಂದಲೂ ಅಲೆಅಲೆಯಾಗಿ ತೋಡಿದ ಎರಡು ಹರಿವುಗಳು ಬಂದು ನಡುವೆ ಕೂಡಿ ಕೆಳಗಿಳಿಯುತ್ತಿದ್ದುವು. ಕೂಡುವ ಜಾಗದಲ್ಲಿ ಕೆಂಪಗೆ ಒಂದು ಚುಕ್ಕೆ. ಪಕ್ಕದಲ್ಲಿ ಮೊಣಕಾಲು ಮಡಿಸಿ ಕುಳಿತಿದ್ದ ಯುವಕನಿಗೆ ಇಪ್ಪತ್ತೈದು ದಾಟಿರಲಾರದು.

“ಇದು ಯಾವ ದೇವರಪ್ಪಾ?” ಎಂದು ತಾಯಿಯವರು ಕೇಳಿದರು.

“ದೇವರಲ್ಲ ಅಮ್ಮಾ, ಹೊಳೆ.”

“ಆ ಕೆಂಪು ಏನು?”

“ಗುಲಗಂಜಿ.”

ಅಷ್ಟು ಸಾಕಾಯಿತು. “ನರಸೀಪುರದವನೇನೋ ನೀನು?” ಎಂದು ಅವರು ಅಲ್ಲಿಯೇ ಮೆಟ್ಟಿಲಿನ ಮೇಲೆ ಕುಳಿತರು. ಅವನ ಊರು ನರಸೀಪುರದ ಆಚೆ ಒಂದು ಹಳ್ಳಿ, ತಂದೆ ಬಡಗಿ, ಬಾಗಿಲು, ಕಿಟಕಿ, ಗಾಡಿ, ಕರೆ ಬಂದರೆ ತೇರಿನ ರಿಪೇರಿ. ಇವನು ಮೈಸೂರಿನಲ್ಲಿ ಕಲಾಶಾಲೆಗೆ ಹೋಗಿ ಓದಿಬಂದವನು. ತಂದೆಯ ಉಳಿಗಳೇ ಇವನವೂ. ಹಲಗೆ ಬಿದ್ದುಹೋದ ಮನೆಯೊಂದರ ಬಾಗಿಲಿನದು.

“ಎಷ್ಟಪ್ಪಾ ಇದಕ್ಕೆ?”

“18,000 ಅಮ್ಮಾ.”

ತಾಯಿಯವರು ನಂಜನಗೂಡಿನ ಸಂತೆಯಲ್ಲಿ ಬೆಳೆದವರು. ಹೇಳಿದ ಬೆಲೆಗೆ ಕೊಂಡು ಅಭ್ಯಾಸವಿಲ್ಲ. “ಒಂದು ಬಾಗಿಲಿನ ಚೂರಿಗೆ 18,000ವೆ?” ಎಂದು ಆರಂಭಿಸಿದರು. ಯುವಕನು ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದನು. ಮರಕ್ಕೆ 4,000, ಕೆಲಸ 22 ದಿನದ್ದು, ಬಸ್ಸು, ಸಾಗಾಟ ಬೇರೆ. ನಾನು ಮನಸ್ಸಿನಲ್ಲಿಯೇ ಭಾಗಿಸಿ ನೋಡಿದೆನು. ದಿನಕ್ಕೆ 640 ರೂಪಾಯಿಯೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಅಡುಗೆಕೋಣೆಯ ಕಪಾಟು ಜೋಡಿಸಲು ಬಂದವನಿಗೆ ಅದರ ಒಂದೂವರೆಯಷ್ಟನ್ನು ಮಾತಾಡದೆ ಕೊಟ್ಟಿದ್ದೆವು. ಅದನ್ನು ತಾಯಿಯವರ ಕಿವಿಯಲ್ಲಿ ಹೇಳಬೇಕೆನ್ನುವಷ್ಟರಲ್ಲಿ 17,000ಕ್ಕೆ ವ್ಯಾಪಾರ ಕುದುರಿಹೋಗಿತ್ತು. ಆ 1,000 ರೂಪಾಯಿ ಇಂದಿಗೂ ನನ್ನನ್ನು ಚುಚ್ಚುತ್ತದೆ. ತಾಯಿಯವರನ್ನು ಚುಚ್ಚುವುದಿಲ್ಲ. “ಕೇಳದೇ ಕೊಟ್ಟರೆ ಅವನ ಕೆಲಸಕ್ಕೇ ಮರ್ಯಾದೆ ಕಡಿಮೆ. ಬೇಡದ ವಸ್ತುವಿಗೆ ಯಾರು ಚೌಕಾಸಿ ಮಾಡುತ್ತಾರೆ?” ಎಂಬುದು ಅವರ ವಾದ.

ಹಾಗೆಂದು ಸಂತೆಯಲ್ಲಿರುವ ಮರದ್ದೆಲ್ಲ ಇಂಥದೇ ಎಂದು ಓದುಗರು ನಂಬಬಾರದು. ಅಲ್ಲಿಂದ ಹತ್ತು ಹೆಜ್ಜೆ ಆಚೆಗೆ 3,000ಕ್ಕೆ ದೊಡ್ಡ ದೊಡ್ಡ ಬುದ್ಧರು, ಗಣಪತಿಗಳು ಸಾಲಾಗಿ ನಿಂತಿದ್ದರು. ಈಗ ಗಣಕದ ಅಪ್ಪಣೆಯಂತೆ ಕೊರೆಯುವ ಸಿಎನ್‌ಸಿ ಯಂತ್ರಗಳು ಬಂದಿವೆ. ಒಮ್ಮೆ ನಕ್ಷೆ ಕೊಟ್ಟರೆ ನೂರು ಗಣಪತಿಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಕೊರೆದುಕೊಡುತ್ತವೆ. ಅದನ್ನು ಅಗ್ಗವಾಗಿ ಯಂತ್ರದ ಕೆಲಸವೆಂದೇ ಮಾರಿದರೆ ನನ್ನ ತಕರಾರಿಲ್ಲ. ಗೋಡೆ ಬರಿದಾಗಿರುವುದಕ್ಕಿಂತ ಮೇಲು. ಕೈಕೆಲಸವೆಂದು ಹೇಳಿ ಮಾರುವುದು ಮೋಸ. ಗುರುತಿಸುವುದು ಕಷ್ಟವಲ್ಲ. ಯಂತ್ರದ ಕೊರೆಮೊನೆ ತಿರುಗುತ್ತ ಓಡುವುದರಿಂದ ತಗ್ಗುಗಳಲ್ಲಿ ಸಮಾನಾಂತರವಾದ ಸಣ್ಣ ಗೆರೆಗಳು ಉಳಿಯುತ್ತವೆ. ಒಳಮೂಲೆಗಳು ಚೂಪಾಗಿರದೆ ದುಂಡಗಿರುತ್ತವೆ. ಸಾಮಾನ್ಯ ಯಂತ್ರವು ಮೇಲಿನಿಂದ ಕೆಳಕ್ಕೆ ಮಾತ್ರ ಕೊರೆಯಬಲ್ಲದು. ಕಿವಿಯ ಹಿಂದೆ, ಎಲೆಯ ಕೆಳಗೆ ನುಗ್ಗಿ ಮರ ತೆಗೆಯುವುದು ಉಳಿಗೇ ಸಾಧ್ಯ. ಅಲ್ಲಿ ಬೆರಳಿನ ತುದಿಯನ್ನು ಇಳಿಸಿ ನೋಡಿರಿ, ತಿಳಿಯುತ್ತದೆ. ಪಕ್ಕದ ಅಂಚನ್ನೂ ನೋಡಬೇಕು. ಮರವಾದರೆ ಎದುರಿನ ಎಳೆಗಳು ಅಂಚಿನವರೆಗೆ ಮುಂದುವರಿದಿರುತ್ತವೆ. ಎಂಡಿಎಫ್ ಎಂಬ, ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಹಲಗೆಯಾದರೆ ಎಳೆಯೇ ಇರುವುದಿಲ್ಲ, ಬಣ್ಣ ಮಾತ್ರ.

ಕೊನೆಯದಾಗಿ ಹಿಂಬದಿಯನ್ನು ತಿರುಗಿಸಿ ನೋಡಬೇಕು. ತನ್ನ ಕೈಯಿಂದ ಕೆತ್ತಿದವನು ಬಹುಮಟ್ಟಿಗೆ ಅಲ್ಲಿ ಹೆಸರು ಬರೆದಿರುತ್ತಾನೆ. ಬರೆದಿರದಿದ್ದರೆ ಬರೆಯಿಸಿಕೊಳ್ಳಿರಿ.

ಮೊಳೆ ಹೊಡೆಯುವ ಮುನ್ನ

ಹಲಗೆ ಮನೆಗೆ ಬಂದಿತು. ಗೋಡೆಗೆ ಹಾಕಲು ಕರೆಸಿದ ಮನುಷ್ಯನು ನಾಲ್ಕು ಮೂಲೆಗಳಲ್ಲಿ ತೂತು ಕೊರೆದು ತಿರುಪುಮೊಳೆಯಿಂದ ಬಿಗಿಯುತ್ತೇನೆಂದನು. ಬೇಡವೆಂದೆವು. ಮರವು ತನ್ನ ಎಳೆಯ ಉದ್ದಕ್ಕೆ ಹೆಚ್ಚೂಕಡಿಮೆ ಆಗುವುದಿಲ್ಲ. ಆದರೆ ಅಡ್ಡಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಹಿಗ್ಗಲು ಕುಗ್ಗಲು ಎಡೆಯಿಲ್ಲದೆ ಒಂದು ದಿನ ರಾತ್ರಿ ಪಟ್ಟೆಂದು ಸೀಳುತ್ತದೆ. ತೇರಿನ ಹಲಗೆಗಳನ್ನು ಹಿಂದಿನವರು ಗಾಡಿಯಲ್ಲಿ ಕೂರಿಸಿದರೇ ಹೊರತು ಮೊಳೆಯಿಂದ ಕಟ್ಟಿಹಾಕಲಿಲ್ಲ. ಹಿಂಬದಿಯ ಮೇಲ್ತುದಿಯಲ್ಲಿ ಎರಡು ಹಿತ್ತಾಳೆಯ ಕೊಕ್ಕೆ, ಗೋಡೆಗೂ ಮರಕ್ಕೂ ನಡುವೆ ಅರ್ಧ ಅಂಗುಲ ಗಾಳಿ, ಇಷ್ಟಿದ್ದರೆ ಸಾಕು. ಮಳೆಯ ಎರಚಲು ಹೊಡೆಯುವ ಹೊರಗೋಡೆ ಬೇಡ. ಸ್ನಾನದ ಮನೆಗೆ ತಾಗಿದ ಗೋಡೆಯಂತೂ ಬೇಡವೇ ಬೇಡ. ವರ್ಷಕ್ಕೊಮ್ಮೆ ಹಿಂಬದಿಯನ್ನು ತಿರುಗಿಸಿ ಹಿಟ್ಟಿನಂಥ ಪುಡಿ ಉದುರಿದೆಯೇ ಎಂದು ನೋಡಬೇಕು. ಉದುರಿದ್ದರೆ ಒಳಗೆ ಹುಳುವಿದೆ. ಒದ್ದೆ ಬಟ್ಟೆಯಿಂದ ಒರಸುವ ಉತ್ಸಾಹ ಸಲ್ಲದು. ಒಣ ಕುಂಚವೇ ಸಾಕು.

ನಾವು ಹಲಗೆಯನ್ನು ಬೋರಲು ಹಾಕಿ ಕೊಕ್ಕೆ ಬಡಿಯುತ್ತಿದ್ದಾಗ ತಾಯಿಯವರು ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. ಸೀಸದ ಕಡ್ಡಿಯಿಂದ ಬರೆದ ಹೆಸರು, ಊರು, ವರ್ಷ. ಅದರ ಪಕ್ಕದಲ್ಲಿ, ಕೆತ್ತುವವನು ಉಜ್ಜಿ ತೆಗೆಯದೆ ಹಾಗೆಯೇ ಬಿಟ್ಟಿದ್ದ ಹಳೆಯ ಬಾಗಿಲಿನ ಕೀಲಿನ ಗುರುತು, ಅದರ ಕೆಳಗೆ ಅರಿಸಿನ ಕುಂಕುಮದ ಮಾಸಿದ ಕಲೆ. ತಾಯಿಯವರು ಬಹಳ ಹೊತ್ತು ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಪಡಸಾಲೆಯ ಯಾವ ಗೋಡೆಯೆಂಬ ಚರ್ಚೆ ಎರಡು ದಿನ ನಡೆಯಿತು. ನನ್ನ ಹೆಂಡತಿಗೆ ಸೋಫಾದ ಮೇಲ್ಗಡೆ ಬೇಕಾಗಿತ್ತು. ಅಲ್ಲಿ ಎದುರಿನ ಬಾಗಿಲಿನಿಂದ ಬೆಳಕು ನೇರವಾಗಿ ಬೀಳುತ್ತದೆ. ಕೊನೆಗೆ ಪೂರ್ವದ ಕಿಟಕಿಯ ಪಕ್ಕದ ಗೋಡೆಗೆ, ಕುಳಿತವರ ಕಣ್ಣಿನ ಮಟ್ಟಕ್ಕೆ ತೂಗಿಸಿದೆವು. ಬೆಳಗ್ಗೆ ಏಳೂವರೆಯಿಂದ ಎಂಟರವರೆಗೆ ಬಿಸಿಲು ಅದರ ಮೇಲೆ ಓರೆಯಾಗಿ ಹಾಯುತ್ತದೆ. ಆಗ ಎರಡೂ ಹೊಳೆಗಳಲ್ಲಿ ನೀರು ಬರುತ್ತದೆ. ಒಂಬತ್ತಕ್ಕೆಲ್ಲ ಬಿಸಿಲು ಕಿಟಕಿಯನ್ನು ದಾಟಿಹೋಗಿ, ಅದು ಮತ್ತೆ ಬಾಗಿಲಿನ ಹಲಗೆಯಾಗುತ್ತದೆ. ಕೆಂಪು ಗುಲಗಂಜಿ ಮಾತ್ರ ದಿನವೆಲ್ಲ ಕಾಣುತ್ತದೆ.